ಎರಡನೇ ಗೇರು

"ಕಳ್ಳನ್ನ ಓಡಿಸಿದ್ಮೇಲೂ ಹಂಗೇ ಪೆಟ್ರೋಲು ಕುಡೀತೈತಲ್ಲೋ ಈ ಕಾರು!" ಎಂದು ಗಂಗಾಧರಪ್ಪ ಗ್ಯಾರೇಜಿನ ಬಾಗಿಲಲ್ಲೇ ಕೂಗಿದ. ಈಚೆಗೆ ಅವನು ಮಾತಾಡುವುದೇ ಹಾಗೆ, ಊರಿಗೆಲ್ಲ ಡಂಗುರ ಹೊಡೆದಂತೆ.

ಭಾಷ್ಯಂ ಕಾರಿನ ಕೆಳಗಿನಿಂದ ಈಚೆ ಬಂದು ಕೈ ಒರೆಸಿಕೊಂಡ. ಬೇಲೂರಿನ ದೇವಸ್ಥಾನದ ಪರಿಚಾರಕರ ಮನೆಯಲ್ಲಿ ಹುಟ್ಟಿ, ಅರಸೀಕೆರೆಯ ಸೋದರಮಾವನ ಮನೆಯಲ್ಲಿ ಓದಿ, ಯುದ್ಧದ ಕಾಲದಲ್ಲಿ ಮಿಲಿಟರಿಯವರ ಜೀಪು ರಿಪೇರಿ ಮಾಡಿ, ಕೊನೆಗೆ ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲೇ ಗ್ಯಾರೇಜು ಇಟ್ಟವನು. ಗಂಗಾಧರಪ್ಪ ಕೊಬ್ಬರಿ ಮಂಡಿಯ ಸಾಹುಕಾರ. ಇಬ್ಬರೂ ಒಂದೇ ಮೇಷ್ಟರ ಬೆತ್ತದ ರುಚಿ ನೋಡಿದವರಾದ್ದರಿಂದ ಅವರ ನಡುವೆ ಬಹುವಚನಕ್ಕೆ ಜಾಗವಿರಲಿಲ್ಲ.

ಗಂಗಾಧರಪ್ಪನ ಕಾರು ಎರಡೇ ಸೀಟಿನದು. ಸ್ವಾತಂತ್ರ್ಯ ಬಂದ ಮೇಲೆ ತನ್ನ ದೇಶಕ್ಕೆ ಹೊರಟ ಕಾಫಿ ತೋಟದ ದೊರೆಯೊಬ್ಬ ಮಾರಿಹೋದ ರೇಸಿನ ಕಾರು. ಅದರಲ್ಲಿ ಕೂತವನನ್ನು ಎತ್ತಿನ ಗಾಡಿಯವನೂ ಬಗ್ಗಿ ಮಾತಾಡಿಸಬೇಕು, ಅಷ್ಟು ತಗ್ಗು. ಹಿಂದೆಲ್ಲ ಒಂದು ಗ್ಯಾಲನ್ ಪೆಟ್ರೋಲಿಗೆ ಬೇಲೂರು ಮುಟ್ಟಿಸುತ್ತಿದ್ದದ್ದು ಈಗ ಹಳೇಬೀಡಿನ ಕೆರೆ ಕಾಣುವಷ್ಟರಲ್ಲಿ ಗೊರಗೊರ ಎಂದು ನಿಲ್ಲುತ್ತಿತ್ತು. ಪೆಟ್ರೋಲು ಹಾಕಿಸುತ್ತಿದ್ದವನು ಮರುಳಪ್ಪ, ಮಂಡಿಯ ಹಳೆಯ ಆಳು. ಹಾಕಿಸುವವನೇ ಕದಿಯುವವನು ಎಂದು ಗಂಗಾಧರಪ್ಪ ತೀರ್ಮಾನಿಸಿ, ಸಂತೆಯ ದಿನ ತುಂಬಿದ ಮಂಡಿಯಲ್ಲಿ ಅವನನ್ನು ಕಳ್ಳ ಎಂದು ಕೂಗಿ ಆಚೆಗೆ ದಬ್ಬಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತೇನೋ ಎಂದು ಭಾಷ್ಯಂಗೆ ಆವತ್ತಿನಿಂದಲೂ ಒಳಗೊಳಗೇ ಕೊರೆಯುತ್ತಿತ್ತು.

ಅದಕ್ಕೇ ಅವನು ಬೆಳಗಿನಿಂದ ಕಾರಿನ ಹೊಟ್ಟೆಯನ್ನೆಲ್ಲ ಬಗೆದಿದ್ದ. ಕಾರ್ಬ್ಯುರೇಟರು ಬಿಚ್ಚಿ ಪೆಟ್ರೋಲು ಹಾಯುವ ಜೆಟ್ಟುಗಳನ್ನು ಊದಿದ. ಪ್ಲಗ್ಗುಗಳಲ್ಲಿ ಮಸಿ ಕಟ್ಟಿರಲಿಲ್ಲ. ಟ್ಯಾಂಕಿನ ಕೆಳಗೆ ಹಾಸಿದ ಕಾಗದ ಒಣಗಿದ್ದು ಒಣಗಿದಂತೆಯೇ ಇತ್ತು. ಬ್ರೇಕು ಕಚ್ಚಿಕೊಂಡಿದೆಯೋ ಎಂದು ಚಕ್ರ ಎತ್ತಿ ತಿರುಗಿಸಿದರೆ ಅದು ಸಲೀಸಾಗಿ ತಿರುಗುತ್ತಲೇ ಹೋಯಿತು.

"ಗಾಡೀಲಿ ಏನೂ ಇಲ್ಲ ಕಣಯ್ಯ. ನೀನು ಓಡಿಸು, ನಾನು ಪಕ್ಕದಲ್ಲಿ ಕೂತು ನೋಡ್ತೀನಿ."

"ಏನು? ಬಾಯಲ್ಲಿ ಕಡ್ಲೆ ಇಟ್ಕೊಂಡು ಮಾತಾಡ್ಬ್ಯಾಡ್ವೋ!"

ಭಾಷ್ಯಂ ರಸ್ತೆಯ ಕಡೆ ಕೈ ತೋರಿಸಿದ. ಹೇಗೂ ಗಂಗಾಧರಪ್ಪ ಹಾರನಹಳ್ಳಿಗೆ, ಬೋರಮ್ಮ ಎಂಬ ತೋಟದವಳ ಮನೆಯ ತೆಂಗಿನಕಾಯಿ ನೋಡಲು ಹೋಗಬೇಕಿತ್ತು.

ಊರು ದಾಟುತ್ತಿದ್ದಂತೆ ಗಂಗಾಧರಪ್ಪ ಎರಡನೇ ಗೇರಿಗೆ ಹಾಕಿ ಕಾಲು ಒತ್ತಿದ. ಇಂಜಿನ್ನು ಏರಿತು, ಇನ್ನೂ ಏರಿತು. ಮುಂದಿನ ಗೇರು ಕೊಡಪ್ಪ ಎಂದು ಬೇಡಿ ಬೇಡಿ, ಸಾಕಾಗಿ, ಅರಚತೊಡಗಿತು. ಸಾಲುಮರದ ಕೆಳಗೆ ನಿಂತಿದ್ದ ಎತ್ತುಗಳು ಬೆದರಿ ಪಕ್ಕಕ್ಕೆ ಸರಿದವು. ಗಂಗಾಧರಪ್ಪನ ಮುಖದಲ್ಲಿ ಮಾತ್ರ ನೆಮ್ಮದಿ. ಡಯಲ್ಲು ನೋಡಿ ಗೇರು ಬದಲಿಸುವವನಲ್ಲ ಅವನು. "ಇಂಜಿನ್ನೇ ಹೇಳ್ತೈತೆ ಕಣೋ, ನಾನು ಕೇಳ್ತೀನಿ ಅಷ್ಟೆ" ಎನ್ನುವುದು ಅವನ ಮಾಮೂಲು ಜಂಬ. ಭಾಷ್ಯಂ "ಗೇರು, ಗೇರು" ಎಂದ. ಗಂಗಾಧರಪ್ಪ ರಸ್ತೆಯ ಮೇಲಿನ ಕಣ್ಣು ಕೀಳಲಿಲ್ಲ. ಹಾರನಹಳ್ಳಿ ಬರುವವರೆಗೂ ಕಾರು ಎರಡನೇ ಗೇರಿನಲ್ಲೇ ಗೋಳಾಡಿತು. ಭಾಷ್ಯಂಗೆ ರೋಗ ಏನೆಂದು ಗೊತ್ತಾಗಿತ್ತು, ಆದರೆ ಅದು ಕಾರಿನದಾಗಿರಲಿಲ್ಲ. ಮೈಮರೆತು ಓಡಿಸಿದ್ದಾನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಬೋರಮ್ಮನ ಮನೆಯಲ್ಲಿ ಆ ಸಮಾಧಾನವೂ ಉಳಿಯಲಿಲ್ಲ. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಲೊಟಲೊಟ ಎಂದರೆ ಅದು ಪಕ್ವ. ಅನ್ನದಿದ್ದರೆ ಇನ್ನೂ ಹಸಿ, ಒಡೆದರೆ ಗಿಟುಕು, ಅಂದರೆ ಒಳಗಿನ ಉಂಡೆಗೊಬ್ಬರಿ, ಚೂರಾಗುತ್ತದೆ. ಈ ಕೆಲಸದಲ್ಲಿ ಗಂಗಾಧರಪ್ಪನನ್ನು ಮೀರಿಸಿದವರಿಲ್ಲ. ಅವನು ಆಗಬಹುದು ಎಂದರೆ ಮಂಡಿಯಲ್ಲಿ ಯಾರೂ ಎರಡನೇ ಸಲ ಅಲ್ಲಾಡಿಸಿ ನೋಡುತ್ತಿರಲಿಲ್ಲ. ಅವನ ವ್ಯಾಪಾರ, ಅವನ ಹೆಸರು, ಎಲ್ಲಾ ನಿಂತಿದ್ದು ಆ ಕಿವಿಯ ಮೇಲೆ.

ಏಣಿಯ ಮೇಲೆ ನಿಂತು ಗಂಗಾಧರಪ್ಪ ಒಂದು ಕಾಯಿ ಅಲ್ಲಾಡಿಸಿದ. ಕೆಳಗೆ ನಿಂತಿದ್ದ ಭಾಷ್ಯಂಗೆ ಒಳಗಿನ ಕೊಬ್ಬರಿ ಲೊಟಲೊಟ ಎಂದದ್ದು ಸ್ಪಷ್ಟವಾಗಿ ಕೇಳಿಸಿತು.

"ಇನ್ನೂ ಹಸಿ ಐತೆ ಕಣಮ್ಮ" ಎಂದ ಗಂಗಾಧರಪ್ಪ.

ಬೋರಮ್ಮ ಭಾಷ್ಯಂನ ಮುಖ ನೋಡಿದಳು. "ಹೋದ ತಿಂಗ್ಳೂ ಹಿಂಗೇ ಅಂದ್ರು ಸ್ವಾಮಿ. ಸಾವ್ಕಾರ್ರು ಅಂದ್ಮೇಲೆ ಮುಗೀತು, ಬೇರೆ ಯಾರೂ ಕೊಳ್ಳಕ್ಕಿಲ್ಲ" ಎಂದು ಮೆಲ್ಲಗೆ ಹೇಳಿದಳು. ಭಾಷ್ಯಂ ಏಣಿಯ ಮೇಲಿದ್ದವನ ಕಿವಿಯನ್ನೇ ನೋಡಿದ. ಹೇಳಿದರೆ ಗೆಳೆಯನ ಅನ್ನಕ್ಕೆ ಕಲ್ಲು. ಹೇಳದಿದ್ದರೆ ಮರುಳಪ್ಪ ಸಾಯುವವರೆಗೂ ಕಳ್ಳ. ಏಣಿಯ ಬುಡದಲ್ಲಿ ಸುಲಿದಿಟ್ಟಿದ್ದ ಒಂದು ಕಾಯಿಯನ್ನು ಬೋರಮ್ಮನನ್ನು ಕೇಳಿ ತೆಗೆದುಕೊಂಡ.

ಊರಾಚೆ ಕೆರೆ ಏರಿಯ ಮೇಲೆ ಅವನು ಕಾರು ನಿಲ್ಲಿಸಲು ಸನ್ನೆ ಮಾಡಿದ. ತಾನೇ ಇಂಜಿನ್ನು ಆರಿಸಿ, ಇಬ್ಬರೂ ಕೆಳಗಿಳಿದ ಮೇಲೆ ಗಂಗಾಧರಪ್ಪನ ಕೈಗೆ ಕಾಯಿ ಕೊಟ್ಟ. ಗಂಗಾಧರಪ್ಪ ಅಲ್ಲಾಡಿಸಿ, "ಇದೂ ಹಸಿ" ಎಂದ. ಭಾಷ್ಯಂ ಇಲ್ಲ ಎಂದು ತಲೆಯಾಡಿಸಿದ. ಗಂಗಾಧರಪ್ಪ ಇನ್ನೊಂದು ಕಿವಿಗೆ ಹಿಡಿದು ಅಲ್ಲಾಡಿಸಿದ. ಮತ್ತೆ ಮೊದಲಿನ ಕಿವಿಗೆ. ಭಾಷ್ಯಂ ಆ ಕಾಯಿಯನ್ನು ಏರಿಯ ಕಲ್ಲಿಗೆ ಕುಟ್ಟಿ ಒಡೆದ. ಹುಣ್ಣಿಮೆಯ ಚಂದ್ರನಂಥ ಇಡೀ ಗಿಟುಕು ಉರುಳಿ ಗಂಗಾಧರಪ್ಪನ ಕಾಲ ಬಳಿ ಬಂದು ನಿಂತಿತು.

"ಇಂಜಿನ್ನು ಕಿರುಚ್ತಾನೇ ಇತ್ತು ಕಣೋ, ದಾರಿಯುದ್ದಕ್ಕೂ," ಭಾಷ್ಯಂ ಅವನ ಕಿವಿಗೆ ಬಾಯಿಟ್ಟು ಹೇಳಿದ. "ನಿಂಗೆ ಕೇಳಿಸ್ಲಿಲ್ಲ. ಎರಡನೇ ಗೇರಲ್ಲೇ ಓಡಿಸ್ತಿದೀಯ. ಪೆಟ್ರೋಲು ಹೋಗ್ತಿರೋದು ಅಲ್ಲಿ."

ಗಂಗಾಧರಪ್ಪ ಬಗ್ಗಿ ಆ ಗಿಟುಕನ್ನು ಎತ್ತಿಕೊಂಡ. ಸಿಟ್ಟು ಮಾಡುತ್ತಾನೆ ಎಂದು ಭಾಷ್ಯಂ ಅಂದುಕೊಂಡಿದ್ದು ಸುಳ್ಳಾಯಿತು.

"ಹಂಗಾದ್ರೆ ಮರುಳಪ್ಪ?" ಎಂದ.

ಅವರು ಹೋದಾಗ ಮರುಳಪ್ಪ ತನ್ನ ಮನೆಯ ಜಗಲಿಯಲ್ಲಿ ಕೂತು ನಾರು ಹೊಸೆಯುತ್ತಿದ್ದ. ಕಾರು ಕಂಡು ಅಭ್ಯಾಸಬಲದಿಂದ ಎದ್ದು ತಲೆಯ ವಸ್ತ್ರ ತೆಗೆದ.

"ತಪ್ಪಾಯ್ತು ಕಣ್ಲಾ ಮರುಳ! ನೀನು ಕದ್ದಿಲ್ಲ! ಬಾ, ಮಂಡಿಗೆ ಬಾ!" ಗಂಗಾಧರಪ್ಪನ ಕೂಗಿಗೆ ಬೀದಿಯವರೆಲ್ಲ ಬಾಗಿಲಿಗೆ ಬಂದರು.

ಮರುಳಪ್ಪ ಅವನನ್ನು ನೋಡಲಿಲ್ಲ. ನೆಲ ನೋಡಿಕೊಂಡು ಭಾಷ್ಯಂಗೆ ಹೇಳಿದ: "ಸಾವ್ಕಾರ್ರಿಗೆ ಕಿವಿ ಕೇಳಕ್ಕಿಲ್ಲ ಅಂತ ಯುಗಾದಿಯಿಂದ್ಲೂ ಗೊತ್ತಿತ್ತು ಸ್ವಾಮಿ. ಮಂಡೀಲಿ ತಿಳಿದ್ರೆ ಅವರ ಮಾನ ಹೋಯ್ತದೆ ಅಂತ ಬಾಯಿ ಬಿಡ್ಲಿಲ್ಲ. ನನ್ ಮಾನ ತೆಗೆಯೋವಾಗ ಅವರು ಒಂದ್ ಗಳಿಗೆ ಯೋಚ್ನೆ ಮಾಡ್ಲಿಲ್ಲ. ನಾ ಬರಕ್ಕಿಲ್ಲ."

"ಏನಂದ?" ಗಂಗಾಧರಪ್ಪ ಭಾಷ್ಯಂನ ತೋಳು ಹಿಡಿದ. ಅವನ ಮುಖದಲ್ಲಿ ಆಸೆಯಿತ್ತು.

ಭಾಷ್ಯಂ ಮೆಲ್ಲಗೆ ಹೇಳಿದ.

"ಏನಂದಾ?"

ಬೀದಿ ಪೂರ್ತಿ ನೋಡುತ್ತಿತ್ತು. ಭಾಷ್ಯಂಗೆ ಬೇರೆ ದಾರಿ ಉಳಿದಿರಲಿಲ್ಲ. ಎರಡೂ ಕೈಯನ್ನು ಬಾಯಿಯ ಸುತ್ತ ಹಿಡಿದು ಗೆಳೆಯನ ಕಿವಿಗೆ ಕೂಗಿದ: "ಬರಲ್ವಂತೆ ಕಣೋ!"

ಎದುರು ಮನೆಯ ಹೆಂಗಸು ಸೆರಗನ್ನು ಬಾಯಿಗೆ ತಂದುಕೊಂಡಳು. ನಾಳೆ ಬೆಳಗಾಗುವುದರೊಳಗೆ ಸಾಹುಕಾರನ ಕಿವಿಯ ಸುದ್ದಿ ಮಂಡಿ ಮುಟ್ಟುತ್ತದೆಂದು ಭಾಷ್ಯಂಗೆ ಗೊತ್ತಿತ್ತು. ಗಂಗಾಧರಪ್ಪನಿಗೂ ಗೊತ್ತಿದ್ದೀತು. ಅವನು ಮರುಳಪ್ಪನ ಕಡೆ ತಿರುಗಿ ಕೈ ಮುಗಿದು, ಮೆಲ್ಲಗೆ ಹೋಗಿ ಕಾರಿನಲ್ಲಿ ಕೂತ.

ಬೀದಿ ಮುಗಿದು ರಸ್ತೆ ಸಿಕ್ಕಿತು. ಎರಡನೇ ಗೇರಿನಲ್ಲಿ ಇಂಜಿನ್ನು ಏರತೊಡಗಿತು. ಗಂಗಾಧರಪ್ಪ ಗೇರಿನ ಮೇಲೆ ಕೈಯಿಟ್ಟು, ಪಕ್ಕಕ್ಕೆ ತಿರುಗಿ ಭಾಷ್ಯಂನ ಮುಖ ನೋಡುತ್ತ ಕಾದ. ಭಾಷ್ಯಂ ಅವನ ಮೊಣಕೈ ಮುಟ್ಟಿದ. ಗಂಗಾಧರಪ್ಪ ಗೇರು ಬದಲಿಸಿದ.