ಒಂದನೇ ನಂಬರಿನ ಕೂಸು

ಆ ದಿನ ಸಂಜೆಯೊಳಗೆ ನಾಗರತ್ನಾ ತನ್ನ ಕೆಲಸವನ್ನು ಅಂತಿಮಗೊಳಿಸಬೇಕಿತ್ತು. ಯಾದಗಿರಿಯಲ್ಲಿ ಮೂರೇ ಜನ ನಡೆಸುವ ಸಣ್ಣ ಕಂಪನಿ ಅವರದು. ಅವರು ತಯಾರಿಸಿದ ಡಬ್ಬಿಗೆ ಸೆನ್ಸರ್‌ಗಳ ವಯರು ಚುಚ್ಚಿದರೆ ಎಳೆಗೂಸುಗಳ ಮೈಶಾಖ ನರ್ಸ್ ಮೇಜಿನ ಪರದೆಯ ಮೇಲೆ ಕಾಣುತ್ತದೆ. ಡಬ್ಬಿ ನಡೆಯುತ್ತಿರುವಾಗಲೇ ವಯರನ್ನು ಕೀಳಬಹುದು, ಮತ್ತೆ ಚುಚ್ಚಬಹುದು. ಬಂದ್ ಮಾಡಿ ಚಾಲೂ ಮಾಡುವ ಗೊಡವೆ ಇಲ್ಲ. ಯಂತ್ರಭಾಗಕ್ಕೂ ಮೇಲಿನ ಪ್ರೋಗ್ರಾಮಿಗೂ ನಡುವೆ ನಿಂತು ಸುದ್ದಿ ದಾಟಿಸುವ ತಳದ ಭಾಗಕ್ಕೆ ಕರ್ನಲ್ ಎನ್ನುತ್ತಾರೆ. ಸೆನ್ಸರ್ ಬಂದದ್ದನ್ನೂ ಹೋದದ್ದನ್ನೂ ಅದು ಹೇಗೆ ತಿಳಿಸಬೇಕು ಎಂಬ ಕರಾರನ್ನು ಬರೆದವಳು ನಾಗರತ್ನಾ. ಅದನ್ನು ನಂಬಿ ಪರದೆಯ ಪ್ರೋಗ್ರಾಮ್ ಬರೆಯುವವನು ಯೂನುಸ. ಇಂಥ ಕರಾರನ್ನು ಒಮ್ಮೆ ಹೊರಬಿಟ್ಟರೆ ಮುಗಿಯಿತು, ಆಮೇಲೆ ಬದಲಿಸಿದರೆ ಅದರ ಮೇಲೆ ಕಟ್ಟಿದ್ದೆಲ್ಲ ಕುಸಿಯುತ್ತದೆ.

ಅವಳ ಕರಾರು ಸರಳವಾಗಿತ್ತು. ಮೊದಲು ಚುಚ್ಚಿದ ಸೆನ್ಸರ್ ಒಂದು, ಅದರ ನಂತರದ್ದು ಎರಡು. ಕಿತ್ತರೆ ನಂಬರು ಖಾಲಿಯಾಗಿ ಮುಂದೆ ಬಂದದ್ದಕ್ಕೆ ಸಿಗುತ್ತದೆ.

ಶಹಾಪುರದ ಒಂದು ಮಕ್ಕಳ ಆಸ್ಪತ್ರೆಯಲ್ಲಿ ನಾಲ್ಕು ದಿನದಿಂದ ಪರೀಕ್ಷೆ ನಡೆದಿತ್ತು. ಶಿರವಾಳದ ಕಡೆಯ ಕುರಿ ಸಾಕುವ ಮನೆತನದ ಕವಿತಾಳ ಅವಳಿ ಹೆಣ್ಣುಕೂಸುಗಳು, ಮೈ ಬೆಚ್ಚಗಿಡುವ ಎರಡು ವಾರ್ಮರ್‌ಗಳಲ್ಲಿ ಮಲಗಿದ್ದವು. ಮೊದಲು ಹುಟ್ಟಿದ್ದು ಕಿಟಕಿಯ ಕಡೆ, ಆಮೇಲೆ ಹುಟ್ಟಿದ್ದು ಬಾಗಿಲ ಕಡೆ. ನಾಗರತ್ನಾ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಈತನಕ ಒಂದು ತಪ್ಪೂ ದಾಖಲಾಗಿರಲಿಲ್ಲ.

ಹನ್ನೊಂದರ ಸುಮಾರಿಗೆ ನರ್ಸ್ ಸರ್ವರಬೇಗಂ ಎರಡೂ ಸೆನ್ಸರ್ ಕಿತ್ತು, ಸ್ಪಿರಿಟ್ ಹಚ್ಚಿ ಒರೆಸಿ, ಮತ್ತೆ ಹಾಕಿದರು. ಸ್ವಲ್ಪ ಹೊತ್ತಿಗೆ ಕವಿತಾಳ ಅತ್ತೆ ಗುರುಲಿಂಗಮ್ಮ ಕೈ ತೊಳೆದುಕೊಂಡು ಒಳಗೆ ಬಂದು ಎರಡೂ ಕೂಸುಗಳ ಪಾದ ಮುಟ್ಟಿ ನೋಡಿದಳು.

“ಯವ್ವಾ, ದೊಡ್ಡದರ ಕಾಲು ತಣ್ಣಗ ಆಗ್ಯಾವ ನೋಡು.”

ಸರ್ವರಬೇಗಂ ಪರದೆ ನೋಡಿದರು. ಒಂದನೇ ನಂಬರು 35.8, ಎರಡನೆಯದು 36.9. ಅಜ್ಜಿಯ ಮಾತಿಗೂ ಪರದೆಗೂ ತಾಳೆಯಾಯಿತು. ಅವರು ನೇರ ಕಿಟಕಿಯ ಕಡೆ ಹೋಗಿ ವಾರ್ಮರ್‌ನ ಕಾವು ಏರಿಸಿದರು.

“ಅದರದ್ಯಾಕ ಏರಸ್ತಿ? ದೊಡ್ಡದು ಈ ಕಡಿ ಅದ,” ಎಂದಳು ಗುರುಲಿಂಗಮ್ಮ, ಬಾಗಿಲ ಕಡೆ ಕೈಮಾಡಿ.

“ಮೊದಲ ಹುಟ್ಟಿದ್ದು ಇದೇ ಅಲ್ಲೇನಮ್ಮ? ಹೆರಿಗಿ ಟೈಮಿಗಿ ನಾನೇ ಇದ್ದೆ.”

“ನೀ ಇದ್ದರ ಏನಾತು? ಕಡೀಗಿ ಬಂದದ್ದೇ ದೊಡ್ಡದು. ಮೊದಲ ಒಳಗ ಹೊಕ್ಕದ್ದು ಕಡೀಗಿ ಹೊರಗ ಬರ್ತದ. ನೀ ಎಂದಾದ್ರೂ ಹಟ್ಟಿಗಿ ಕುರಿ ತುಂಬೀಯೇನು?”

ಸರ್ವರಬೇಗಂ ಎರಡೂ ಕಡೆ ಕೈಯಿಟ್ಟು ನೋಡಿದರು. ಕಿಟಕಿಯ ಕೂಸು ಬೆಚ್ಚಗಿತ್ತು, ಬಾಗಿಲ ಕಡೆಯದು ತಣ್ಣಗಿತ್ತು. ಒಂದರ ಕಾವು ಇಳಿಸಿ ಇನ್ನೊಂದರದು ಏರಿಸಿ, ತಲೆಗೆ ಟೊಪ್ಪಿಗೆ ಹಾಕಿದರು. ಅರ್ಧ ತಾಸಿಗೆ 36.6 ಆಯಿತು. ಕೂಸಿಗೆ ಏನೂ ಆಗಲಿಲ್ಲ.

ನಾಗರತ್ನಾ ಅಷ್ಟರಲ್ಲಿ ದಾಖಲೆ ತೆಗೆದು ನೋಡಿದ್ದಳು. ಒರೆಸಿದ ಮೇಲೆ ಬಾಗಿಲ ಕಡೆಯ ಸೆನ್ಸರ್ ಮೊದಲು ಹೊಕ್ಕಿತ್ತು, ಹಾಗಾಗಿ ಅದೇ ಒಂದನೆಯದಾಗಿತ್ತು. ನರ್ಸ್‌ಗೆ ಒಂದು ಅಂದರೆ ಮೊದಲು ಹುಟ್ಟಿದ್ದು, ಅಂದರೆ ದೊಡ್ಡದು. ಅಜ್ಜಿಗೆ ದೊಡ್ಡದು ಅಂದರೆ ಆಮೇಲೆ ಹುಟ್ಟಿದ್ದು. ಅಜ್ಜಿಯ ಲೆಕ್ಕವೂ ಕರ್ನಲ್‌ನ ಲೆಕ್ಕವೂ ಅಕಸ್ಮಾತ್ ಕೂಡಿಕೊಂಡು ನರ್ಸನ್ನು ತಪ್ಪು ಕೂಸಿನ ಹತ್ತಿರ ಕಳಿಸಿದ್ದವು. ಅಜ್ಜಿ ಮಾತಾಡಿ ಹೊರಗೆ ಹೋಗಿದ್ದರೆ? ಕರ್ನಲ್ ಮಾತ್ರ ಹೇಳಿದ್ದನ್ನು ಹೇಳಿದಂತೆ ಮಾಡಿತ್ತು. ದಾಖಲೆಯಲ್ಲಿ ಈಗಲೂ ತಪ್ಪು ಸೊನ್ನೆ.

ಕಂಪನಿಯ ಹಿರಿಯ ವಿಶ್ವರಾಧ್ಯನಿಗೆ ಫೋನ್ ಹಚ್ಚಿದಳು. ಆತ ಪೂರ್ತಿ ಕೇಳಿಸಿಕೊಂಡು, ಕಿಟಕಿಯದನ್ನೇ ಮೊದಲು ಚುಚ್ಚಬೇಕೆಂದು ಒಂದು ಚೀಟಿ ಬರೆದು ಅಂಟಿಸಿದರೆ ಸಾಲದೇ ಎಂದ. ಸೋಮವಾರ ಡಬ್ಬಿ ಸುರಪುರದ ಆಸ್ಪತ್ರೆಗೆ ಹೋಗುವುದಿತ್ತು.

“ಸುರಪುರದಾಗ ಆರು ವಾರ್ಮರ್ ಅವರಿ ಸರ್. ಚೀಟಿ ಅಂಟಿಸೂದಲ್ಲ. ನಂಬರೇ ಕೊಡಬಾರದಿತ್ತು. ನಾ ಕೊಟ್ಟದ್ದು ಬಂದ ಪಾಳಿ, ಓದೋರು ಅದನ್ನ ಕೂಸಿನ ಹೆಸರು ಅಂತ ತಿಳ್ಕೊತಾರ. ತಪ್ಪು ನಂದೇ ಅದರಿ.”

ಆತ, ಸುರಪುರದವರಿಗೆ ಒಂದು ವಾರ ತಡ ಎಂದು ತಾನು ಹೇಳುತ್ತೇನೆ, ಯೂನುಸನಿಗೆ ನೀವೇ ಹೇಳಿ ಎಂದ.

ಹೊಸ ಕರಾರಿನಲ್ಲಿ ಕರ್ನಲ್ ತನಗೆ ಗೊತ್ತಿದ್ದಷ್ಟನ್ನೇ ಹೇಳುತ್ತದೆ: ವಯರು ಯಾವ ತೂತಿನಲ್ಲಿದೆ, ಸೆನ್ಸರ್‌ನ ಕಾರ್ಖಾನೆ ನಂಬರು ಯಾವುದು, ಇದು ಈಗಷ್ಟೇ ಬಂದದ್ದು. ಒರೆಸಿದ ಮೇಲೆ ಅದು ಯಾವ ಕೂಸಿನ ಮೈಗೆ ಅಂಟಿತು ಎಂದು ತಿಳಿಯುವ ದಾರಿ ಅದಕ್ಕಿಲ್ಲ. ಆದ್ದರಿಂದ ಕಿತ್ತ ಕೂಡಲೇ ಹಳೆಯ ಸಂಬಂಧ ಕಡಿಯುತ್ತದೆ. ನರ್ಸ್ ಬಂದು ಯಾವ ಕೂಸು ಎಂದು ಮುಟ್ಟಿ ತೋರಿಸುವವರೆಗೆ ಪರದೆ ಅಂಕಿ ತೋರಿಸುವಂತಿಲ್ಲ.

“ಒರಸಿದಾಗೆಲ್ಲ ಕೇಳ್ತದೇನ್ರಿ ಮೇಡಂ? ದಿನಾ ಮೂರು ಸಲ ಒರಸ್ತೀವಿ ನಾವು,” ಎಂದರು ಸರ್ವರಬೇಗಂ.

“ಕೇಳ್ತದ್ರಿ ಸಿಸ್ಟರ್.”

ಮರುದಿನ ಮಧ್ಯಾಹ್ನದ ಹೊತ್ತಿಗೆ ನಾಗರತ್ನಾ ತಾನೇ ಒಂದು ಒರಟು ಪರದೆ ಬರೆದು ಸಿದ್ಧಮಾಡಿದಳು. ಸರ್ವರಬೇಗಂ ಅವಳಿಗೆ ಹೇಳದೆಯೇ ಎರಡೂ ವಯರು ಕಿತ್ತು ಅದಲುಬದಲು ಚುಚ್ಚಿದರು. ಪರದೆಯಲ್ಲಿ ಅಂಕಿಗಳ ಜಾಗದಲ್ಲಿ ಗೆರೆಗಳಷ್ಟೇ ಉಳಿದು, ಕೆಳಗೆ ‘ಯಾವ ಕೂಸು?’ ಎಂದು ಮೂಡಿತು. ಅವರು ಎದ್ದು ಹೋಗಿ, ಎರಡೂ ಕೂಸುಗಳನ್ನು ನೋಡಿ ಬಂದು, ಒಂದಕ್ಕೆ ಕಿಟಕಿ, ಇನ್ನೊಂದಕ್ಕೆ ಬಾಗಿಲು ಎಂದು ಒತ್ತಿದರು. ಅಂಕಿಗಳು ಬಂದವು. ನಾಗರತ್ನಾ ಎಣಿಸಿದ್ದಳು, ಇಪ್ಪತ್ತೆರಡು ಸೆಕೆಂಡು.

“ತಡಾನೇ ಆತರಿ,” ಎಂದರು ಸರ್ವರಬೇಗಂ. “ಆದರ ಇರ್ಲಿ ಬಿಡ್ರಿ. ಹೆಂಗೂ ಎದ್ದು ಹೋಗಿ ನೋಡ್ದಂಗಾತು.”

ನಾಗರತ್ನಾ ಕರಾರಿನ ಕಡತದಿಂದ ನಂಬರಿನ ಸಾಲನ್ನು ಅಳಿಸಿ ಯೂನುಸನಿಗೆ ಕಳಿಸಿದಳು. ಅವನ ಪ್ರೋಗ್ರಾಮನ್ನು ಅರ್ಧಕ್ಕರ್ಧ ಹೊಸದಾಗಿ ಬರೆಯಬೇಕಾಗುತ್ತಿತ್ತು. ಅವನು ಓದಿ ಸಿಟ್ಟಾಗುವ ಮೊದಲೇ ಅವಳು ಫೋನ್ ಕೈಗೆತ್ತಿಕೊಂಡು ವರಾಂಡಕ್ಕೆ ಹೋದಳು.