ಕತ್ತರಿ ಶುಕ್ರವಾರ

ಶ್ರಾವಣದ ಕಡೇ ಶುಕ್ರವಾರ ಆ ಊರಿನ ಅಮ್ಮನವರಿಗೆ ಹೊರಗಿನ ಹೂವು ಏರಿದ್ದೇ ಇಲ್ಲ. ಕೆಲಮಂಗಲದ ಆಚೆಗಿನ ನಾರಾಯಣಪ್ಪನವರ ತೋಟದ ಪನ್ನೀರು ಗುಲಾಬಿಯೇ ಆ ತಾಯಿಯ ಅಲಂಕಾರ. ಅದು ಒಂದು ದಿನದ ಹೂವು. ಬೆಳಿಗ್ಗೆ ಬಿರಿದರೆ ಮಾರನೇ ದಿನಕ್ಕೆ ದಳ ನೆಲ ಮುಟ್ಟುತ್ತದೆ. ಹಾಗಾಗಿ ಗಿಡಕ್ಕೆ ಯಾವತ್ತು ಕತ್ತರಿ ಹಾಕಿದರೆ ಹಬ್ಬದ ದಿನ ತೋಟ ತುಂಬುತ್ತದೆ ಎಂಬ ಲೆಕ್ಕವೇ ದೊಡ್ಡದು. ಆ ಲೆಕ್ಕ ನಾರಾಯಣಪ್ಪನವರ ತಲೆಯಲ್ಲಿತ್ತು. ಮಾಘದಲ್ಲಿ ಅವರು ದೇವರ ಪಾದ ಸೇರಿದರು. ಲೆಕ್ಕವೂ ಅವರ ಹಿಂದೆಯೇ ಹೋಯಿತು.

ಸೊಸೆ ಶಶಿರೇಖಾ ಮತ್ತಿಗಿರಿಯ ಕಡೆ ಕಾರ್ಖಾನೆ ಕೆಲಸಕ್ಕೆ ಹೋಗುವವಳು. ಮಾವ ನಡೆಸಿಕೊಂಡು ಬಂದ ಸೇವೆ ತನ್ನ ಕೈಯಲ್ಲಿ ತಪ್ಪಬಾರದೆಂಬ ಒಂದೇ ಚಿಂತೆ ಅವಳಿಗೆ. ಅತ್ತೆ ಕನಕಮ್ಮನನ್ನು ಕೇಳಿದಳು.

"ಕತ್ರಿ ಹಾಕಿ ಆರು ಸಲ ಎಂಟ್ ದಿನಕ್ಕೆ ಹೂವ ಕಣಮ್ಮಿ. ನಿಮ್ ಮಾವ ಅಂಗೇ ಅಂತಿದ್ರು."

ಆರೆಂಟಲಿ ನಲವತ್ತೆಂಟು. ಶಶಿರೇಖಾ ಫೋನು ತೆಗೆದಳು. ಶಾಲೆಯಲ್ಲಿ ಕಲಿತಿದ್ದ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆ ಅದರಲ್ಲಿತ್ತು. ಮಗುವಿನ ಜೊತೆ ಆಡುವ ಮಾತಿನಷ್ಟು ಸರಳ ಅದು: 'ಇನ್‌ಪುಟ್' ಎಂದರೆ ಕೇಳುತ್ತದೆ, 'ಪ್ರಿಂಟ್' ಎಂದರೆ ಹೇಳುತ್ತದೆ. ಯಾವ ತಿಂಗಳಿಗೆ ಎಷ್ಟು ದಿನ ಎಂದು ಒಂದು ಸಾಲು ಬರೆದಳು. ಕತ್ತರಿಯ ದಿನಕ್ಕೆ ಆರರಿಂದ ಗುಣಿಸಿದ ಎಂಟು ದಿನ ಕೂಡಿಸು; ಒಂದು ತಿಂಗಳು ತುಂಬಿದರೆ ಕೊಳಗದಿಂದ ಕೊಳಗಕ್ಕೆ ರಾಗಿ ಸುರಿದಂತೆ ಮಿಕ್ಕದ್ದನ್ನು ಮುಂದಿನ ತಿಂಗಳಿಗೆ ಸುರಿ. ಏಳರಿಂದ ಭಾಗಿಸಿ ಉಳಿದದ್ದರಿಂದ ವಾರದ ಹೆಸರು ಹೇಳು. ಇಷ್ಟೇ. ಒಂದೊಂದೇ ದಿನ ಕೊಡುತ್ತಾ ಹೋದಳು. ನಾಳೆಯ ದಿನ ಕೊಟ್ಟಾಗ ಉತ್ತರ ಹಬ್ಬದ ಶುಕ್ರವಾರಕ್ಕೆ ಬಂದು ನಿಂತಿತು.

"ಅತ್ತೆ, ನಾಳೇನೇ ಕತ್ತರಿ!" ಎನ್ನುತ್ತಾ ಗೂಡಿನಿಂದ ಮಾವನ ಕತ್ತರಿ ತೆಗೆದಳು.

ಜಗಲಿಯಲ್ಲಿ ಕೂತಿದ್ದ ಪಕ್ಕದ ತೋಟದ ಕದಿರಪ್ಪ ನಕ್ಕ. "ಪರವಾಗಿಲ್ವೇ, ಫೋನು ಪಂಚಾಂಗ ಓದ್ತದೆ! ಯಾವುದಕ್ಕೂ ಹೊಸೂರು ಮಾರ್ಕೆಟ್ಟಲ್ಲಿ ಎರಡು ಮೂಟೆ ಹೂವ ಹೇಳಿರ್ಲಾ?"

ಕನಕಮ್ಮ ಕನಕಾಂಬರ ಕಟ್ಟುತ್ತಿದ್ದ ಕೈ ನಿಲ್ಲಿಸಿದರು. "ನಾಳೆ ಶನಿವಾರ ಅಲ್ವಾ? ನಿಮ್ ಮಾವ ಶುಕ್ರವಾರ ಬುಟ್ಟು ಬೇರೆ ದಿನ ಕತ್ರಿ ಮುಟ್ದೋರಲ್ಲ."

ಶಶಿರೇಖಾಳ ಮುಖ ಇಳಿಯಿತು. ಇಂದಿನ ಶುಕ್ರವಾರ ಮುಳುಗುತ್ತಿತ್ತು. ಇಂದೇ ಹಾಕಬೇಕಿತ್ತೇ, ಇಲ್ಲ ಮುಂದಿನ ಶುಕ್ರವಾರವೇ? ಯಾವ ಶುಕ್ರವಾರ ಕೊಟ್ಟರೂ ಫೋನು ಗುರುವಾರವನ್ನೇ ಹೇಳಿತು.

"ಹೋಗ್ಬುಡ್ತು ನಿನ್ ಹಬ್ಬ," ಎಂದ ಕದಿರಪ್ಪ.

"ನೀನ್ ಬಾಯ್ ಮುಚ್ಲಾ," ಎಂದರು ಕನಕಮ್ಮ.

"ಅತ್ತೆ, ಎಂಟು ದಿನ ಅಂದ್ರೆ ನೀವು ಹೆಂಗ್ ಎಣಿಸ್ತೀರಿ?"

"ಇನ್ನೆಂಗೆ? ಶುಕ್ರವಾರ ಒಂದು, ಶನಿವಾರ ಎರಡು..." ಕನಕಮ್ಮ ದಾರದ ಮೇಲೆ ಹೂವು ಸರಿಸುತ್ತಾ ಎಣಿಸಿದರು. ಎಂಟನೆಯದಕ್ಕೆ ಮತ್ತೆ ಶುಕ್ರವಾರ ಬಂತು.

"ಮುಂದಿನ ಎಂಟು ಎಲ್ಲಿಂದ?"

"ಆ ಶುಕ್ರವಾರದಿಂದ್ಲೇ. ಇದೇ ಹೂವ ಅತ್ಲಾಗೂ ಸೈ, ಇತ್ಲಾಗೂ ಸೈ."

ಶಶಿರೇಖಾ ಆ ಹೂವನ್ನೇ ನೋಡಿದಳು. ಒಂದೇ ಶುಕ್ರವಾರ ಎರಡು ವಾರಗಳಿಗೂ ಸಲ್ಲುತ್ತಿದೆ! ಮಾವನ ಎಂಟು, ಯಂತ್ರಕ್ಕೆ ಏಳು. ಎಂಟು ಇದ್ದಲ್ಲಿ ಏಳು ಬರೆದು, ಮುಂದಿನ ಶುಕ್ರವಾರ ಕೊಟ್ಟಳು. ಉತ್ತರ ನೇರವಾಗಿ ಹಬ್ಬದ ಶುಕ್ರವಾರಕ್ಕೆ ಹೋಗಿ ಕೂತಿತು. ನಾಳೆ ಕತ್ತರಿ ಬಿದ್ದಿದ್ದರೆ ಹಬ್ಬಕ್ಕೆ ಮುಂಚೆಯೇ ತೋಟ ಅರಳಿ ಉದುರುತ್ತಿತ್ತು. ಕೈ ಮುಗಿದು ಕತ್ತರಿಯನ್ನು ಮತ್ತೆ ಗೂಡಿನಲ್ಲಿಟ್ಟಳು.

ಮುಂದಿನ ಶುಕ್ರವಾರ ಅತ್ತೆ ಸೊಸೆ ಮಾವನ ಹೆಸರು ನೆನೆದು ಕತ್ತರಿ ಹಾಕಿದರು. ಚಿಗುರಿತು, ಮೊಗ್ಗಾಯಿತು. ಹಬ್ಬದ ಹಿಂದಿನ ದಿನವೂ ಮೊಗ್ಗುಗಳು ಬಿಗಿಯಾಗಿಯೇ ಇದ್ದವು. ಕದಿರಪ್ಪ ಬೇಲಿಯಾಚೆಯಿಂದ ಇಣುಕಿ, "ಮೂಟೆ ಹೇಳ್ಲಾ?" ಎಂದು ಕೇಳಿಯೇ ಹೋದ.

ಶುಕ್ರವಾರ ಬೆಳಕು ಹರಿಯುವ ಮುಂಚೆ ಶಶಿರೇಖಾಳನ್ನು ಎಬ್ಬಿಸಿದ್ದು ಪರಿಮಳ. ಬಾಗಿಲು ತೆಗೆದರೆ ತೋಟವೆಲ್ಲ ಬಿರಿದು ನಿಂತಿದೆ! ಎಲೆ ಕಾಣದಷ್ಟು ಹೂವು, ಮಂಜು ಹೊತ್ತ ಹೂವು, ಯಾರೋ ರಾತ್ರಿ ಬಂದು ದೀಪ ಹಚ್ಚಿ ಹೋದಂಥ ಹೂವು. ಕನಕಮ್ಮ ಸೊಸೆಯ ಗಲ್ಲ ಮುಟ್ಟಿ ನೆಟಿಗೆ ಮುರಿದರು.

ಬುಟ್ಟಿ ತುಂಬಿ, ಮಂಕರಿ ತುಂಬಿ, ಕೊನೆಗೆ ಸೀರೆ ಹಾಸಿ ತುಂಬಿದರು. ಆಗ ಕದಿರಪ್ಪ ತಲೆ ಕೆರೆಯುತ್ತಾ ಬಂದ.

"ಅಮ್ಮಿ, ದೀಪಾವಳಿಗೆ ನಮ್ ಸೇವಂತಿಗೂ ಒಂದು ದಿನ ನೋಡಿ ಹೇಳವ್ವಾ."

"ಹೇಳ್ತಾಳೆ," ಎಂದರು ಕನಕಮ್ಮ, ದೊಡ್ಡ ಮಂಕರಿಯನ್ನು ಅವನ ತಲೆಗೆ ಏರಿಸುತ್ತಾ. "ಮೊದ್ಲು ಇದ್ನ ಅಮ್ಮನ್ ಗುಡಿಗೆ ಹೊತ್ಕೊಂಡು ನಡೀಲಾ."