ಅಲ್ ಬರ್ಷಾದ ಬಾಣಂತನ

ಕಟಪಾಡಿಯ ಚಂದ್ರಮತಿಯ ಓರಗೆಯವರೆಲ್ಲ ಮಗಳಂದಿರ ಬಾಣಂತನಕ್ಕೆಂದು ಒಮ್ಮೆಯಾದರೂ ವಿಮಾನ ಹತ್ತಿ ಬಂದವರು. ಒಬ್ಬಳು ಮಸ್ಕತ್ತಿಗೆ, ಒಬ್ಬಳು ಬಹ್ರೈನಿಗೆ. ಬೀಡಿ ಕಟ್ಟಲು ಕೂತರೆ ಅವರ ಬಾಯಲ್ಲಿ ಅದೇ ಮಾತು: ಮಗುವಿನ ಮೈ ಹೇಗೆ ಎಣ್ಣೆ ಕುಡಿಯಿತು, ಬಾಣಂತಿ ಲೇಹಕ್ಕೆ ಹೇಗೆ ಮುಖ ಕಿವುಚಿದಳು. ಚಂದ್ರಮತಿ ತಲೆ ತಗ್ಗಿಸಿ ಎಲೆ ಕತ್ತರಿಸುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅವಳ ಒಬ್ಬಳೇ ಮಗಳು ಅಶ್ಮಿತಾ ಮದುವೆಯಾಗಿ ದುಬೈ ಸೇರಿ ಹನ್ನೆರಡು ವರ್ಷ ಕಳೆದಿತ್ತು. ಮಕ್ಕಳಾಗಿರಲಿಲ್ಲ. ಆ ಬಗ್ಗೆ ಯಾರೂ ಚಂದ್ರಮತಿಯನ್ನು ಏನೂ ಕೇಳುತ್ತಿರಲಿಲ್ಲ. ಕೇಳದೇ ಇರುವುದೇ ಅವಳಿಗೆ ಹೆಚ್ಚು ಚುಚ್ಚುತ್ತಿತ್ತು.

ಒಂದು ದಿನ ಅಶ್ಮಿತಾಳ ಫೋನು ಬಂತು. "ಅಮ್ಮ, ಕಲಬುರಗಿಯ ಮಕ್ಕಳ ಮನೆಯಿಂದ ನಮಗೊಂದು ಹೆಣ್ಣು ಮಗು ಸಿಕ್ಕಿತು. ಹಿತಾ ಅಂತ ಹೆಸರು. ಎರಡು ವರ್ಷ ಇನ್ನೂ ತುಂಬ್ಲಿಲ್ಲ. ನಮ್ಮ ಒಟ್ಟಿಗೆ ದುಬೈಗೆ ನೀನೂ ಬರ್ತೀಯಾ?"

ಬಾಯಿ ಹೂಂ ಅನ್ನುವ ಮೊದಲೇ ಚಂದ್ರಮತಿಯ ಮನಸ್ಸು ಓಮ ಹುರಿಯಲು ಶುರು ಮಾಡಿತ್ತು.

ದುಬೈಯ ಅಲ್ ಬರ್ಷಾದಲ್ಲಿದ್ದ ಫ್ಲಾಟಿನ ಬಾಗಿಲಲ್ಲಿ ಅವಳೇ ಮುಂದಾಗಿ ಒಳಗೆ ಹೋದಳು. ಮಗಳ ತೋಳಿನಿಂದ ಮಗುವನ್ನು ಎತ್ತಿಕೊಂಡು, ಬೆಲ್ಲದ ಚೂರನ್ನು ನೀರಿನಲ್ಲಿ ಅದ್ದಿ ಅದರ ನಾಲಿಗೆಗೆ ಮುಟ್ಟಿಸಿದಳು. ಮನೆಯ ಹಿರಿಯ ಹೆಂಗಸು ಮಾಡಬೇಕಾದದ್ದು ಅದು. ಆಮೇಲಿನ ದಾರಿಯೂ ಅವಳಿಗೆ ತಿಳಿದದ್ದೇ. ಬಾಣಂತಿ ಮಲಗಬೇಕು, ಅಜ್ಜಿ ಮಗುವನ್ನು ನೋಡಬೇಕು.

"ಎಂಥದಮ್ಮ ಇದು, ನಾನೇನು ಹೆತ್ತಿದ್ದೇನಾ ಲೇಹ ತಿನ್ಲಿಕ್ಕೆ?" ಅಶ್ಮಿತಾ ನಕ್ಕಳು.

"ಹನ್ನೆರಡು ವರ್ಷ ಕಾದದ್ದು ಸಾಲ್ಲಿಲ್ವಾ? ಅದಕ್ಕಿಂತ ದೊಡ್ಡ ಹೆರಿಗೆ ಉಂಟಾ? ಬಾಯಿ ತೆರಿ."

ಬಾಯಿ ತೆರೆಯುವಾಗ ಅಶ್ಮಿತಾಳ ಕಣ್ಣು ತುಂಬಿತು. ತನ್ನನ್ನೂ ಒಬ್ಬರು ಬಾಣಂತಿ ಎಂದು ಕೂರಿಸಿದರಲ್ಲ ಎಂಬ ಸುಖಕ್ಕೆ ಅವಳು ಕಿವಿಗೆ ಬಟ್ಟೆ ಕಟ್ಟಿಸಿಕೊಂಡಳು, ಮೆಂತೆ ಗಂಜಿ ಕುಡಿದಳು, ಮಲಗು ಅಂದಾಗ ಮಲಗಿದಳು. ಆಫೀಸಿನಲ್ಲಿ ರಜೆಯೂ ಇತ್ತು. ಬೇಸಿಗೆಯ ದುಬೈಯಲ್ಲಿ ನಲ್ಲಿಯ ನೀರೇ ಸುಡುವಷ್ಟು ಬಿಸಿ, ಹಂಡೆ ಹೂಡುವ ಕೆಲಸವಿರಲಿಲ್ಲ. ಚಂದ್ರಮತಿ ಎಸಿಯನ್ನೂ ಆರಿಸಿಬಿಟ್ಟಳು.

ಪಕ್ಕದ ಫ್ಲಾಟಿನ ಪ್ರಫುಲ್ಲಾ ಮಗು ನೋಡಲು ಬಂದವಳು ಬಾಗಿಲಲ್ಲೇ ನಿಂತಳು. "ಅಶ್ಮಿತಾ, ನಿನ್ನ ಹೊಟ್ಟೆ ಬಂದದ್ದು ಯಾವಾಗ, ಇಳಿದದ್ದು ಯಾವಾಗ ಮಾರಾಯ್ತಿ? ನಮಗೆ ಸುದ್ದಿಯೇ ಇಲ್ಲ!"

ಅಳಿಯ ಸುಮಿತನಿಗೆ ದೂರದ ಮದೀನತ್ ಜಾಯೆದ್‌ನಲ್ಲಿ ಕೆಲಸ, ವಾರದ ಕೊನೆಗಷ್ಟೇ ಮನೆ. ಅವನು ಬೆವರು ಒರೆಸುತ್ತಾ, "ಮಾಮಿ, ಬಾಣಂತಿಯ ಗಂಡನಿಗೆ ಸ್ವಲ್ಪ ಎಸಿ ಹಾಕ್ಲಿಕ್ಕೆ ಪರ್ಮಿಷನ್ ಉಂಟಾ?" ಎಂದ. ಮತ್ತೆ ಮಗುವನ್ನೂ ಅತ್ತೆಯನ್ನೂ ನೋಡಿ, "ಮನೆಯಲ್ಲಿ ಇಬ್ಬರು ವಿಸಿಟ್ ವೀಸಾದವರು, ಆದ್ರೆ ಯಜಮಾನಿಕೆ ನಿಮ್ಮಿಬ್ಬರದ್ದೇ" ಎಂದು ನಗಿಸಿದ.

ಅದು ಬರೀ ತಮಾಷೆಯಲ್ಲ. ದತ್ತಿನ ಕಾಗದಕ್ಕೆ ಬೀಳಬೇಕಾದ ಒಂದು ಮೊಹರು ಊರಿನ ಯಾವುದೋ ಕಚೇರಿಯಲ್ಲಿ ತಡೆದು ನಿಂತಿತ್ತು. ಅದು ಬಂದರೆ ಮಗುವಿಗೆ ಇಲ್ಲಿಯೇ ಇರುವ ವೀಸಾ. ಬಂದರೂ ಬರದಿದ್ದರೂ ಚಂದ್ರಮತಿ ಮಾತ್ರ ತನ್ನ ವೀಸಾ ಮುಗಿದ ಕೂಡಲೇ ಹೊರಡಬೇಕು.

ಮಗು ಮೊದಮೊದಲು ಅಳುತ್ತಲೇ ಇರಲಿಲ್ಲ. ಕೂರಿಸಿದಲ್ಲಿ ಕೂರುತ್ತಿತ್ತು, ಕೊಟ್ಟದ್ದನ್ನು ಬೇಗ ಬೇಗ ತಿಂದು ತಟ್ಟೆಯನ್ನು ತಾನೇ ದೂರ ತಳ್ಳುತ್ತಿತ್ತು. ಸಾಲಿನಲ್ಲಿ ಕೂತು ಉಂಡು ಬೆಳೆದ ಮಗು. ಚಂದ್ರಮತಿ ಅದನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ಹಚ್ಚಿ ಮೀಯಿಸಿದಳು, ಹೆಗಲಿಗೆ ಹಾಕಿ ತಟ್ಟಿದಳು. ದಿನ ಕಳೆದಂತೆ ಅವಳು ಅಡಿಗೆಮನೆಗೆ ಹೋದರೆ ಸೆರಗಿನ ತುದಿ ಹಿಡಿದು ಹಿಂದೆಯೇ ಬರತೊಡಗಿತು. ಒಮ್ಮೆ ಕೈಯಲ್ಲಿದ್ದ ಬಿಸ್ಕತ್ತಿನ ಅರ್ಧವನ್ನು ಅವಳ ಬಾಯಿಗೆ ತುರುಕಿತು. ಚಂದ್ರಮತಿ ಅದನ್ನು ನುಂಗದೆ ಬಾಯಲ್ಲೇ ಇಟ್ಟುಕೊಂಡಳು.

ಒಂದು ಸಂಜೆ ಮೂವರೂ ಹತ್ತಿರದ ಮಾಲ್‌ಗೆ ಹೋಗಿದ್ದರು. ಎಲ್ಲೋ ಒಂದು ಬಲೂನು ಫಟ್ಟೆಂದು ಒಡೆಯಿತು. ಮುಂದೆ ಓಡುತ್ತಿದ್ದ ಮಗು ಬೆದರಿ ತಿರುಗಿತು. ಅಶ್ಮಿತಾ ತಟ್ಟನೆ ಮಂಡಿಯೂರಿ ಎರಡೂ ಕೈ ಚಾಚಿದಳು. ಮಗು ಆ ಕೈಗಳನ್ನು ದಾಟಿ ಬಂದು ಚಂದ್ರಮತಿಯ ಸೀರೆಯೊಳಗೆ ಮುಖ ಹುದುಗಿಸಿತು. ಚಂದ್ರಮತಿಗೆ ಮೈಯೆಲ್ಲ ಹಾಲು ಉಕ್ಕಿದ ಹಾಗಾಯಿತು. ಮತ್ತೆ ತಲೆ ಎತ್ತಿದಾಗ ಕಂಡದ್ದು ಮಗಳ ಕೈಗಳು. ಅವು ಇನ್ನೂ ಚಾಚಿಕೊಂಡೇ ಇದ್ದವು.

ಮನೆಗೆ ಬಂದು ಅಶ್ಮಿತಾ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು.

"ಮಗಾ, ಸಣ್ಣ ಮಗು ಅದು. ಅದಕ್ಕೆ ಎಂಥ ಗೊತ್ತುಂಟು?"

"ಅದ್ರ ಮೇಲೆ ನಂಗೆ ಬೇಜಾರಿಲ್ಲ ಅಮ್ಮ. ನಿನ್ನ ಮೇಲೂ ಇಲ್ಲ. ಮಲಗು ಅಂದಾಗ ಮಲಗಿದವಳು ನಾನೇ ಅಲ್ವಾ?" ಅಶ್ಮಿತಾ ನಲ್ಲಿ ನಿಲ್ಲಿಸಿದಳು. "ಆದ್ರೆ ನೀನು ವಿಮಾನ ಹತ್ತಿದ ದಿನ ಅದನ್ನು ಎರಡನೇ ಸಲ ಬಿಟ್ಟು ಹೋದ ಹಾಗಾಗ್ತದೆ. ಆಗ ಅದು ನನ್ನ ಹತ್ರ ಬರ್ತದಾ? ಅಥವಾ ಮತ್ತೆ ಅಳುದನ್ನೇ ನಿಲ್ಲಿಸ್ತದಾ?"

ಚಂದ್ರಮತಿ ತೊಳೆದ ಪಾತ್ರೆಯೊಂದನ್ನು ತೆಗೆದು ಒರೆಸತೊಡಗಿದಳು. ಹೆತ್ತ ಮಗು ಒಂಬತ್ತು ತಿಂಗಳು ತಾಯಿಯನ್ನು ಕೇಳಿಸಿಕೊಂಡೇ ಬಂದಿರುತ್ತದೆ. ಅದನ್ನು ಅಜ್ಜಿ ಎಷ್ಟು ಎತ್ತಿದರೂ ನಷ್ಟವಿಲ್ಲ. ಇದು ಹಾಗೆ ಬಂದ ಮಗುವಲ್ಲ. ಇಷ್ಟು ಸಣ್ಣ ವಿಷಯ ತನಗೆ ಹೊಳೆಯದೆ ಹೋಯಿತಲ್ಲ ಎಂದುಕೊಂಡಳು.

ಬೆಳಿಗ್ಗೆ ಎದ್ದವಳೇ ಮಗಳ ಕಿವಿಯ ಬಟ್ಟೆ ಬಿಚ್ಚಿದಳು. "ಬಾಣಂತನ ಮುಗಿಯಿತು. ಏಳು. ಇನ್ನು ಮೀಯಿಸುದು, ಉಣ್ಣಿಸುದು, ಮಲಗಿಸುದು ಎಲ್ಲ ನೀನೇ."

"ನಲವತ್ತು ದಿನ ಆಗ್ಲಿಲ್ಲ ಅಮ್ಮ ಇನ್ನೂ."

"ನನ್ನ ಲೆಕ್ಕದಲ್ಲಿ ಆಯಿತು."

ಸೊಂಟ ನೋವು ಎಂದು ಹೇಳಿ ಅವಳು ಕೋಣೆ ಸೇರಿದಳು. ಸ್ವಲ್ಪ ಹೊತ್ತಿಗೆ ಬಾಗಿಲ ಮೇಲೆ ಪುಟ್ಟ ಅಂಗೈ ಬಡಿಯಿತು. ನಿಂತಿತು, ಮತ್ತೆ ಬಡಿಯಿತು. ಆಮೇಲೆ ಅಳು. ಅಷ್ಟು ದೊಡ್ಡ ಅಳು ಆ ಮಗುವಿನ ಒಳಗೆ ಇತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಮಂಚದ ಮೇಲೆ ಕೂತ ಚಂದ್ರಮತಿಯ ಬೆರಳುಗಳು ಹೊದಿಕೆಯ ಅಂಚನ್ನು ಬೀಡಿಯ ಹಾಗೆ ಸುರುಟಿದವು, ಬಿಚ್ಚಿದವು, ಮತ್ತೆ ಸುರುಟಿದವು.

"ಅಮ್ಮ, ನಂಗೆ ಹೊಡೀತಾ ಉಂಟು. ಒಮ್ಮೆ ಎತ್ತಿಕೊ, ಸಾಕು. ಬಾಗಿಲು ತೆಗಿ" ಎಂದಳು ಹೊರಗಿನಿಂದ ಅಶ್ಮಿತಾ.

"ನಂಗೆ ಏಳ್ಲಿಕ್ಕೆ ಆಗುದಿಲ್ಲ."

"ಸುಳ್ಳು ಹೇಳ್ಬೇಡ ಅಮ್ಮ."

"ಸುಳ್ಳೇ. ನೀನು ಅಲ್ಲೇ ಕೂತಿರು. ಅದು ಹೊಡೆದರೂ ಏಳ್ಬೇಡ."

ಅಶ್ಮಿತಾ ಏಳಲಿಲ್ಲ. ಆ ದಿನ ಮಾತ್ರವಲ್ಲ, ಮರುದಿನವೂ ಹಾಗೆಯೇ. ಮಗು ಬಾಗಿಲಿಗೆ ಬರುವುದು, ಅವಳು ಪಕ್ಕದಲ್ಲಿ ನೆಲದ ಮೇಲೆ ಕೂರುವುದು. ಕೋಣೆಯಿಂದ ಹೊರಗೆ ಬಂದಾಗ ಚಂದ್ರಮತಿ ಮಗುವಿಗೆ ಬೆನ್ನು ಹಾಕಿ, ಕಿಟಕಿಯಿಂದ ದೂರದಲ್ಲಿ ಹೋಗುವ ಮೆಟ್ರೋ ನೋಡುತ್ತಾ ನಿಲ್ಲುತ್ತಿದ್ದಳು. ಸೆರಗಿಗೆ ಕೈ ಬಿದ್ದರೆ, "ಅಮ್ಮನ ಹತ್ರ ಹೋಗು ಮಗಾ" ಎಂದು ಬಿಡಿಸುತ್ತಿದ್ದಳು. ಒಂದು ಬೆಳಿಗ್ಗೆ ಬಚ್ಚಲಿನಿಂದ ನೀರಿನ ಸದ್ದಿನೊಂದಿಗೆ ಇಬ್ಬರ ನಗು ಕೇಳಿಸಿತು. ಅಶ್ಮಿತಾ ಕಣ್ಣಿಗೆ ಸೋಪು ಹೋಗುವ ಹಾಗೆಯೇ ಮೀಯಿಸುತ್ತಿರಬೇಕು ಎಂದು ಚಂದ್ರಮತಿಗೆ ಅನಿಸಿತು. ಹೋಗಿ ಹೇಳಲಿಲ್ಲ.

ಕೊನೆಗೂ ಊರಿನಿಂದ ಮೊಹರು ಬಿದ್ದ ಕಾಗದ ಬಂತು. ವೀಸಾಕ್ಕೆ ಮಗುವಿನ ಹೊಸ ಫೋಟೋ ಬೇಕೆಂದರು. ಚಂದ್ರಮತಿ ಹೊರಡುವ ದಿನವೂ ಹತ್ತಿರವಿತ್ತು. ಮಂಗಳೂರು ಕಡೆಯ ಕ್ರೈಸ್ತರಾದ ಕಜೆತಾನ್ ಪೊರ್ಬುಗಳು ಅಲ್ಲೇ ಹತ್ತಿರ ನಡೆಸುತ್ತಿದ್ದ ಸ್ಟುಡಿಯೋಕ್ಕೆ ಮೂವರೂ ಹೋದರು.

ಬಿಳಿ ಪರದೆಯ ಮುಂದೆ ಸ್ಟೂಲಿನ ಮೇಲೆ ಕೂರಿಸಿದರೆ ಮಗು ಅತ್ತಿತ್ತ ನೋಡುತ್ತಲೇ ಇತ್ತು.

"ನೇರ ನೋಡ್ಬೇಕು, ಇಲ್ಲದ್ರೆ ಅವರು ವಾಪಸ್ ಕಳಿಸ್ತಾರೆ" ಎಂದರು ಪೊರ್ಬುಗಳು. "ಒಬ್ಬರು ನನ್ನ ಹಿಂದೆ ನಿಂತು ಕರೀರಿ. ಯಾರ ಮುಖ ನೋಡ್ತದೆ ಇದು?"

ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿದರು. ಅಶ್ಮಿತಾ ಜಾಗ ಬಿಟ್ಟುಕೊಡುವವಳಂತೆ ಒಂದು ಹೆಜ್ಜೆ ಹಿಂದೆ ಸರಿದಳು. ಚಂದ್ರಮತಿ ಅವಳ ಭುಜ ಹಿಡಿದು ಮುಂದಕ್ಕೆ ತಳ್ಳಿ, ತಾನು ಪರದೆಯ ಆಚೆ ಬಾಗಿಲ ಹತ್ತಿರ ಹೋಗಿ ನಿಂತಳು.

"ಹಿತಾ" ಎಂದು ಮಗಳು ಕರೆದದ್ದು ಕೇಳಿಸಿತು. ಇನ್ನೊಮ್ಮೆ ಕರೆದಳು. ಆಮೇಲೆ ಕ್ಯಾಮೆರಾದ ಸದ್ದು.

"ಖಲಾಸ್! ಎಷ್ಟು ಚಂದ ನೋಡಿತು!" ಎಂದರು ಪೊರ್ಬುಗಳು. ಅದರ ಹಿಂದೆಯೇ ಮಗುವಿನ ದನಿ, "ಎತ್ತು."

ಚಂದ್ರಮತಿ ಇಣುಕಲಿಲ್ಲ. ಯಾರು ಎತ್ತಿಕೊಂಡರೆಂದು ನೋಡಿ ತಿಳಿಯಬೇಕಾಗಿರಲಿಲ್ಲ.

ಫೋಟೋಗಳನ್ನು ಕತ್ತರಿಸಿ ಲಕೋಟೆಗೆ ಹಾಕುವಾಗ ಅವಳು ಮೆಲ್ಲಗೆ ಕೇಳಿದಳು, "ಪೊರ್ಬುಗಳೇ, ಒಂದು ನಂಗೆ ಸಿಗ್ತದಾ?"

ಹೆಬ್ಬೆರಳಿನಷ್ಟಗಲದ ಫೋಟೋ. ಮಗುವಿನ ಎರಡು ಕಣ್ಣುಗಳೂ ನೇರ ನೋಡುತ್ತಿದ್ದವು, ಇನ್ನೇನು ಕೈ ಚಾಚುವ ಹಾಗೆ. ಆ ನೋಟ ಮಗಳಿಗೆ ಸೇರಿದ್ದೆಂದು ಚಂದ್ರಮತಿಗೆ ಗೊತ್ತಿತ್ತು. ಆದರೂ ಕಟಪಾಡಿಯಲ್ಲಿ ಇದನ್ನು ಅಂಗೈಯಲ್ಲಿ ಹಿಡಿದಾಗಲೆಲ್ಲ ಮಗು ನೋಡುವುದು ತನ್ನನ್ನೇ. ಅವಳು ಅದನ್ನು ರವಿಕೆಯೊಳಗೆ ಇಟ್ಟುಕೊಂಡು, ಮಗುವನ್ನು ಎತ್ತಿಕೊಂಡು ಮುಂದೆ ಹೋಗುತ್ತಿದ್ದ ಮಗಳ ಹಿಂದೆ, ಸ್ವಲ್ಪ ದೂರ ಬಿಟ್ಟು ನಡೆದಳು.